ಕಚ್ಚಿಟ್ಟ ರೊಟ್ಟಿ

ಚೋರ್ಬುಲಾಕ್
ಸೆಪ್ಟೆಂಬರ್ ೯, ಮಂಗಳವಾರ

ನನ್ನ ಓಯ್ದಿನ್‌ಗೆ,

('ನನ್ನ' ಎಂಬ ಶಬ್ದ ಸದ್ಯಕ್ಕೆ ಅಲ್ಲೇ ಇರಲಿ. ಪತ್ರ ಓದಿ ಮುಗಿಸಿದ ಮೇಲೆ ಹೊಡೆದುಹಾಕಬೇಕೆನಿಸಿದರೆ ಹಾಕು. ಪೆನ್ನೂ ನಿನ್ನದು, ಹಕ್ಕೂ ನಿನ್ನದು.)

ಲಕೋಟೆಯ ಮೇಲಿನ ಅಕ್ಷರ ನೋಡಿದೊಡನೆ ಯಾರದೆಂದು ನಿನಗೆ ತಿಳಿದಿರುತ್ತದೆ. ಓಶ್‌ನ ಕಾಲೇಜಿನಲ್ಲಿ ನಾಲ್ಕು ವರ್ಷ ನನ್ನ ಪಕ್ಕದಲ್ಲಿ ಕೂತು, "ಇದು ಬರಹಾನೋ, ಕೋಳಿ ಕೆರೆದಿರೋ ಅಂಗಳಾನೋ?" ಎಂದು ಕೇಳುತ್ತಿದ್ದವಳು ನೀನು. ಕೋಳಿ ಈಗ ಮುದಿಯಾಗಿದೆ, ಕೆರೆಯುವುದನ್ನು ಬಿಟ್ಟಿಲ್ಲ. ನಿನ್ನ ತಂದೂರು ಸದಾ ಉರಿಯುತ್ತಿರುತ್ತದೆಂದು ಕೇಳಿದ್ದೇನೆ. ಇದನ್ನು ಅದರೊಳಗೆ ಹಾಕುವುದೇ ಆದರೆ ಓದಿ ಹಾಕು.

ಫೋನ್ ಮಾಡಬಹುದಿತ್ತು, ನಿನ್ನ ನಂಬರು ನನ್ನ ಹತ್ತಿರ ಇದೆ. ಆದರೆ ಫೋನಿನಲ್ಲಿ ನಾನು ಏನಾದರೊಂದು ತಮಾಷೆ ಮಾಡಿ ಜಾರಿಕೊಳ್ಳುತ್ತೇನೆಂದು ನಿನಗೂ ಗೊತ್ತು, ನನಗೂ ಗೊತ್ತು. ಇದು ನಾಲ್ಕನೆಯ ಪತ್ರ. ಹಿಂದಿನ ಮೂರನ್ನು ಬರೆದು ಹರಿದೆ. ಆ ಮೂರರಲ್ಲೂ ಹವಾಮಾನ ಬಹಳ ಚೆನ್ನಾಗಿತ್ತು, ಹಸು ಕರು ಹಾಕಿತ್ತು, ಮಕ್ಕಳು ಪರೀಕ್ಷೆಯಲ್ಲಿ ಪಾಸಾಗಿದ್ದರು. ಹೇಳಬೇಕಾದದ್ದು ಮಾತ್ರ ಫೇಲಾಗಿತ್ತು.

ಆದ್ದರಿಂದ ಈ ಸಲ ಮುಖ್ಯವಾದದ್ದನ್ನೇ ಮೊದಲು ಬರೆಯುತ್ತೇನೆ: ನಮ್ಮಮ್ಮ, ಎಂದರೆ ಒಂದು ಕಾಲದಲ್ಲಿ ನಿನ್ನ ಅತ್ತೆ, ನಿನ್ನಿಂದ ರಾಜಿ ಕೇಳಬೇಕೆಂದಿದ್ದಾಳೆ.

ಇದು ಕೋರ್ಟಿನ ರಾಜಿಯಲ್ಲ. ಕಣ್ಣು ಮುಚ್ಚುವ ಮೊದಲು 'ನಿನ್ನ ಮೇಲೆ ನನಗೇನೂ ಉಳಿದಿಲ್ಲ' ಎಂದು ಪ್ರತಿಯೊಬ್ಬರ ಬಾಯಿಂದ ಅನ್ನಿಸಿಕೊಳ್ಳುತ್ತಾರಲ್ಲ, ಆ ರಾಜಿ. ಅಮ್ಮನಿಗೆ ಈಗ ಎಪ್ಪತ್ತೊಂಬತ್ತು. ಎದೆ ಆಗಾಗ ತಾಳ ತಪ್ಪುತ್ತದೆ. ಇನ್ನು ಹೆಚ್ಚು ಓಡಾಡಬೇಡಿ ಎಂದು ಡಾಕ್ಟರು ಹೇಳಿದರು. ಓಡಾಡುವುದಿದ್ದರೆ ಈಗಲೇ ಓಡಾಡಿಬಿಡಿ ಎಂದು ಅಮ್ಮ ಅರ್ಥಮಾಡಿಕೊಂಡಳು. ಬೇಸಿಗೆಯಿಡೀ ಊರಿನ ಮನೆಮನೆಗೂ ಹೋಗಿ ರಾಜಿ ಕೇಳಿದಳು. ನಲವತ್ತು ವರ್ಷದ ಹಿಂದೆ ಯಾರದೋ ಕೋಳಿಗೆ ಕಲ್ಲು ಹೊಡೆದಿದ್ದಳಂತೆ, ಆ ಕೋಳಿಯ ಯಜಮಾನಿ ತೀರಿಕೊಂಡಿದ್ದರಿಂದ ಮೊಮ್ಮಗಳ ಹತ್ತಿರ ಕೇಳಿದಳು. ಆ ಹುಡುಗಿ ಗಾಬರಿಯಾಗಿ ಎರಡು ಮೊಟ್ಟೆ ಕೊಟ್ಟು ಕಳಿಸಿದಳು. ಹೀಗೆ ಎಲ್ಲರೂ ಮುಗಿದರು. ಉಳಿದವಳು ನೀನೊಬ್ಬಳು.

ಹೋದ ವಾರ ಚಹಾ ಕುಡಿಯುತ್ತ ಅಮ್ಮ ಹೇಳಿದಳು:

"ಸನೋಬರ್, ಓಯ್ದಿನ್ ಹತ್ರ ಹೋಗೋ ಮುಂಚೆ ಬೆಟ್ಟಕ್ಕೆ ಹೋಗ್ಬೇಕು ಕಣೇ. ಭಾನುವಾರ ಹೊರಡೋಣ."

"ಯಾವ ಬೆಟ್ಟಕ್ಕಮ್ಮಾ?"

"ಕಿಟಕೀಲಿ ಎಷ್ಟು ಬೆಟ್ಟ ಕಾಣ್ಸುತ್ತೆ ನಿಂಗೆ? ಭೂಗೋಳದ ಟೀಚರಂತೆ!"

ಕಿಟಕಿಯಲ್ಲಿ ಕಾಣುವುದು ಒಂದೇ, ಆರ್ಚಾತೋಗ್. ಎರಡು ಸಾವಿರದ ಒಂಬೈನೂರ ನಲವತ್ತು ಮೀಟರ್ ಎಂದು ಪ್ರತಿವರ್ಷ ಐದನೆಯ ತರಗತಿಯ ಹಲಗೆಯ ಮೇಲೆ ಬರೆಯುತ್ತೇನೆ. ಅದರ ಎತ್ತರ ನನಗೆ ಚೆನ್ನಾಗಿ ಗೊತ್ತು. ಅದರ ಹತ್ತಿರ ಹೋಗಿ ಮಾತ್ರ ಹತ್ತೊಂಬತ್ತು ವರ್ಷವಾಗಿತ್ತು. ನನಗೆ ಮೊಣಕಾಲು ನೋವು ಎಂದೆ.

"ನಿನ್ನ ಮೊಣಕಾಲು ನೋವಿಗೆ ಹತ್ತೊಂಬತ್ತು ವರ್ಷ ಆಯ್ತು. ಮದುವೆ ಮಾಡಿದ್ರೆ ಅದಕ್ಕೆ ಒಂದು ಮಗೂನೂ ಆಗಿರೋದು. ಸುಮ್ನೆ ಹೊರಡು."

ನನ್ನ ಹಾಸ್ಯಪ್ರಜ್ಞೆ ಎಲ್ಲಿಂದ ಬಂತೆಂದು ಕಾಲೇಜಿನಲ್ಲಿ ಕೇಳುತ್ತಿದ್ದೆಯಲ್ಲ, ಮೂಲ ಇದು. ನಾನು ಬರೀ ಕಾಲುವೆ.

ಹೊರಟೆವು. ಎರ್ಗಶ್ ನೆನಪಿದ್ದಾನಲ್ಲ, ನಿನ್ನ ಮದುವೆಯಲ್ಲಿ ಡೋಲು ಬಾರಿಸಿ ಬಾರಿಸಿ ಹರಿದುಹಾಕಿದವನು? ಅವನ ಕತ್ತೆಯ ಮೇಲೆ ಅಮ್ಮನನ್ನು ಕೂರಿಸಿದೆವು. ಕತ್ತೆಗೆ 'ಪ್ರೊಫೆಸರ್' ಎಂದು ಹೆಸರಿಟ್ಟಿದ್ದಾನೆ, ನಡುದಾರಿಯಲ್ಲಿ ನಿಂತು ಯೋಚಿಸುತ್ತದಂತೆ.

"ಚಿಕ್ಕಮ್ಮಾ, ಗಟ್ಟಿಯಾಗಿ ಹಿಡ್ಕೊಳಿ. ಪ್ರೊಫೆಸರ್‌ಗೆ ಏನಾದ್ರೂ ಹೊಳೀತು ಅಂದ್ರೆ ಏಕ್ದಂ ನಿಂತುಬಿಡ್ತಾನೆ."

"ನಿಮ್ಮಪ್ಪನ ಕತ್ತೇನೂ ಹಿಂಗೇ ಇತ್ತು ಕಣೋ. ಅದಕ್ಕೆ ಹೆಸರಿರ್ಲಿಲ್ಲ, ಬುದ್ಧಿ ಇತ್ತು."

ಇಳಿವಯಸ್ಸಿನ ಅಮ್ಮ ಏರುದಾರಿಯಲ್ಲಿ ಹೀಗೆ ಚುರುಕಾಗುತ್ತ ಹೋದಳು, ನಾನು ಹಿಂದಿನಿಂದ ಏದುಸಿರು ಬಿಡುತ್ತ ಹೋದೆ. ಬೆಟ್ಟ ಹತ್ತಿದೆನೇ ಹೊರತು ಮಾತು ಹತ್ತಲಿಲ್ಲ.

ಈ ವರ್ಷ ಅಕ್ರೋಟು ಹುಲುಸಾಗಿ ಬಂದಿದೆ, ಓಯ್ದಿನ್. ಕಾಯಿ ಆರಿಸಲು ಕಾಡು ತೆರೆಯುವುದು ಇಪ್ಪತ್ತನೇ ತಾರೀಖು, ಆದರೆ ಅವಸರದ ಕಾಯಿಗಳು ಆಗಲೇ ತಾವಾಗಿ ಉದುರುತ್ತಿವೆ. ಹಸಿರು ಸಿಪ್ಪೆ ಬಿರಿದು ದಾರಿಯುದ್ದಕ್ಕೂ ಬಿದ್ದಿವೆ. ಮೇಲಿನ ಕೇರಿಯವರು ಆಗಲೇ ತಮ್ಮ ಪಾಲಿನ ಮರಗಳ ಕೆಳಗೆ ಗುಡಾರದ ಗೂಟ ನೆಡುತ್ತಿದ್ದರು. ತೊರೆಯ ಪಕ್ಕದ ಹಳೆಯ ವಿಹಾರಧಾಮದ ತಿರುಗುಣಿ ಕುದುರೆಗಳು ಇನ್ನೂ ಇವೆ. ನಾವಿಬ್ಬರೂ ಕೂತು ನೀನು ವಾಂತಿ ಮಾಡಿಕೊಂಡೆಯಲ್ಲ, ಆ ನೀಲಿ ಕುದುರೆಗೆ ಈಗ ತಲೆ ಇಲ್ಲ. ಕಾಡುಸೇಬಿನ ಮರಗಳನ್ನು ದಾಟಿದ ಮೇಲೆ ಮೊದಲ ಆರ್ಚಾ ಮರ ಸಿಕ್ಕಿತು, ಬೆಟ್ಟಕ್ಕೆ ಹೆಸರು ಕೊಟ್ಟ ಆ ಸೂಜಿಯೆಲೆಯ ಘಮದ ಮರ. ಎರ್ಗಶ್ ಟೋಪಿ ತೆಗೆದು ಅದರ ಸೊಪ್ಪನ್ನು ಉಜ್ಜಿ ಅಮ್ಮನ ಮೂಗಿಗೆ ಹಿಡಿದ. ಅಮ್ಮ ಕಣ್ಣು ಮುಚ್ಚಿ, "ಹಾ, ಈಗ ಜ್ವರ ಬಿಡ್ತು" ಎಂದಳು. ಅವಳಿಗೆ ಜ್ವರ ಇರಲೇ ಇಲ್ಲ.

ಅರ್ಧ ದಾರಿಯಲ್ಲಿ ಊಸುಕಣ್ಣಿನ ಬುಗ್ಗೆ, ಕಣ್ಣಿನ ರೋಗ ತೊಳೆಯುತ್ತದೆಂದು ಊರಿನವರು ನಂಬುವುದು. (ಎಡಗಡೆ ಬಂಡೆ, ಬಲಗಡೆ ಬಾಗಿದ ಅಕ್ರೋಟು ಮರ. ನೀನು ಅಲ್ಲಿ ಕಣ್ಣು ತೊಳೆದು ಕನ್ನಡಕ ಬಿಡುತ್ತೇನೆಂದು ಹಟ ಹಿಡಿದು, ವಾಪಸ್ಸು ಬರುವಾಗ ಹಸುವನ್ನು ಎರ್ಗಶ್ ಎಂದುಕೊಂಡು ಮಾತಾಡಿಸಿದ್ದೆ.) ಅಲ್ಲಿ ನನ್ನ ಕಾಲು ನಿಂತುಬಿಟ್ಟಿತು. ಪ್ರೊಫೆಸರ್ ಕೂಡ ತಿರುಗಿ ನೋಡಿತು, ಇವಳಿಗೇನು ಹೊಳೆಯಿತು ಎನ್ನುವ ಹಾಗೆ.

ನನಗೆ ಹೊಳೆದದ್ದೇನೂ ಇಲ್ಲ. ಆ ಬಂಡೆಯ ಮೇಲೆ ಕೂತು ಹತ್ತೊಂಬತ್ತು ವರ್ಷದ ಹಿಂದೆ ನಾನು ಒಂದು ರೊಟ್ಟಿ ತಿಂದಿದ್ದೆ.

ಈಗ ನಿನಗೆ ಅರ್ಥವಾಗಿರಬೇಕು. ಆಗಲಿಲ್ಲವೆಂದು ನಟಿಸಬೇಡ, ನಟನೆಯ ಗುತ್ತಿಗೆ ಈ ಮನೆಯಲ್ಲಿ ನನ್ನದು.

ಆ ರೊಟ್ಟಿ, ಓಯ್ದಿನ್. ವಸಂತದ ನವ್ರೋಜ್ ಹಬ್ಬ ಮುಗಿದ ಮರುವಾರ, ನಿನ್ನ ಗಂಡನಾಗಿದ್ದ ನಮ್ಮ ಶೋಕಿರಣ್ಣ ಸೈಬೀರಿಯಾದ ಮರದ ಕಾರ್ಖಾನೆಗೆ ಹೊರಟಾಗ ಅಮ್ಮ ತಂದೂರಿನಿಂದ ಆಗಷ್ಟೇ ತೆಗೆದ ರೊಟ್ಟಿ ಅವನ ಬಾಯಿಗೆ ಹಿಡಿದಳಲ್ಲ, ಅದು. ದೂರ ಹೋಗುವವರು ಒಂದು ಕಡೆ ಕಚ್ಚಬೇಕು, ಉಳಿದದ್ದು ಚೀಲದಲ್ಲಿ ತೂಗುತ್ತಿರಬೇಕು, ಹಿಂದಿರುಗಿ ಬಂದು ಅವರೇ ತಿಂದು ಮುಗಿಸಬೇಕು. ಅಣ್ಣ ಕಚ್ಚಿದ. ಬಲಗಡೆ ಒಂದು ಸಣ್ಣ ಏಣು ಉಳಿಯಿತು, ಮುರಿದ ಹಲ್ಲಿನದು. ನಿನ್ನೆದುರು ಶೌರ್ಯ ತೋರಿಸಲು ಹಲ್ಲಿನಿಂದ ಅಕ್ರೋಟು ಒಡೆಯಲು ಹೋಗಿ, ಅಕ್ರೋಟನ್ನು ಹಾಗೇ ಬಿಟ್ಟು ಹಲ್ಲನ್ನು ಒಡೆದುಕೊಂಡವನಲ್ಲವೇ ಅವನು. ನೀನು ಆ ಗುರುತನ್ನು ನೋಡಿ ನಕ್ಕೆ, ಆಮೇಲೆ ಉಗ್ರಾಣಕ್ಕೆ ಹೋಗಿ ಅತ್ತುಬಿಟ್ಟೆ. ಅಮ್ಮ ರೊಟ್ಟಿಯನ್ನು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಮೊಳೆಗೆ ತೂಗುಹಾಕಿದಳು.

ಆ ವರ್ಷದ ಅಕ್ರೋಟು ಸುಗ್ಗಿಗೆ ನಾವೆಲ್ಲ ಕಾಡಿನಲ್ಲಿದ್ದೆವು. ನೀನು ಜ್ವರ ಬಂದು ಮನೆಯಲ್ಲಿ ಒಬ್ಬಳೇ ಮಲಗಿದ್ದೆ. ಉಪ್ಪು, ರೊಟ್ಟಿ ತರಲು ಅಮ್ಮ ನನ್ನನ್ನು ಕೆಳಗೆ ಕಳಿಸಿದಳು. ಉಗ್ರಾಣದಲ್ಲಿ ಮೂರು ಚೀಲ ತೂಗುತ್ತಿದ್ದವು, ಎಲ್ಲ ಒಂದೇ ಬಟ್ಟೆಯವು. ನಿನ್ನನ್ನು ಎಬ್ಬಿಸದೆ ಎರಡನ್ನು ತೆಗೆದುಕೊಂಡು ಮೇಲೆ ಹೊರಟೆ. ಬುಗ್ಗೆಯ ಹತ್ತಿರ ಹಸಿವಾಯಿತು. ಒಣಗಿದ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ಅದ್ದಿ ತಿಂದೆ, ಹಸಿವಾದವರು ರೊಟ್ಟಿಯ ಅಂಚು ನೋಡುತ್ತ ಕೂರುವುದಿಲ್ಲವಲ್ಲ. ಅರ್ಧಕ್ಕೂ ಹೆಚ್ಚು ಹೋದ ಮೇಲೆ ತಿರುಗಿಸಿದೆ. ಬಲಗಡೆ ಆ ಏಣು ಇತ್ತು.

ಅಣ್ಣನ ರೊಟ್ಟಿ ತಿಂದವಳು ನಾನು. ಹತ್ತೊಂಬತ್ತು ವರ್ಷ ಬಾಯಿಗೆ ಬಾರದ ವಾಕ್ಯ ಇಷ್ಟೇ ಇಷ್ಟು, ಬರೆದರೆ ಅರ್ಧ ಸಾಲೂ ಆಗುವುದಿಲ್ಲ.

ಉಳಿದ ಚೂರನ್ನೂ ತಿಂದೆ. ಇಟ್ಟುಕೊಂಡು ಮಾಡುವುದೇನು? ಆಮೇಲೆ ನನ್ನ ತಲೆ ಓಡಿದ ವೇಗಕ್ಕೆ ಪರೀಕ್ಷೆಯಲ್ಲೂ ಓಡಿರಲಿಲ್ಲ. ಗುಡಾರದಲ್ಲಿ, ಅಮ್ಮ ಬೇಯಿಸುವ ಮೊದಲು ಎಲ್ಲ ರೊಟ್ಟಿಗೂ ಒತ್ತುವ ಅದೇ ಅಚ್ಚಿನ ಇನ್ನೊಂದು ರೊಟ್ಟಿ ತೆಗೆದುಕೊಂಡು ನಾನೇ ಕಚ್ಚಿದೆ. ನನ್ನ ಮುಂದಿನ ಹಲ್ಲುಗಳ ನಡುವೆ ಸಂದಿದೆಯಲ್ಲ, ಅದರ ಗುರುತು ಅಣ್ಣನ ಮುರಿದ ಹಲ್ಲಿನ ಗುರುತಿನ ಹಾಗೇ ಕಾಣುತ್ತದೆಂದು ಧೈರ್ಯ ತಂದುಕೊಂಡೆ. ಬೆಂಕಿಯ ಮೇಲೆ ಹಿಡಿದು ಒಣಗಿಸಿದೆ. ನಾಲ್ಕನೆಯ ದಿನ ಕೆಳಗಿಳಿದು ಅದೇ ಮೊಳೆಗೆ ತೂಗುಹಾಕಿದೆ. ನೀನು ಆಗಲೂ ನಿದ್ದೆಯಲ್ಲಿದ್ದೆ. ನಿನ್ನ ಹಣೆ ಮುಟ್ಟಿ ನೋಡಿ ಬಂದೆ, ಅಷ್ಟು ಒಳ್ಳೆಯವಳು ನಾನು.

ಜನವರಿಯಲ್ಲಿ ಸುದ್ದಿ ಬಂತು, ಅಣ್ಣನ ಮೇಲೆ ಮರ ಬಿತ್ತೆಂದು. ಮರದ ಊರಿನವನು ಮರದ ಊರಿಗೆ ಹೋಗಿ ಮರದಡಿ ಸತ್ತ. ಈ ಸಾಲಿನಲ್ಲಿ ತಮಾಷೆ ಮಾಡಲು ಜಾಗ ಹುಡುಕಿದೆ, ಸಿಗಲಿಲ್ಲ.

ಆಮೇಲಿನದು ನಿನಗೇ ಗೊತ್ತು. ಆದರೂ ಬರೆಯುತ್ತೇನೆ, ಯಾಕೆಂದರೆ ನಿನಗೆ ಗೊತ್ತಿರುವುದು ನೀನು ನಿಂತ ಕಡೆಯಿಂದ. ಅಳಲು ಬಂದ ಹೆಂಗಸರು ಕೋಣೆ ತುಂಬ ಕೂತಿದ್ದರು. ಅಮ್ಮ ಚೀಲ ಇಳಿಸಿದಳು. ರೊಟ್ಟಿಯನ್ನು ಮೂಸಿದಳು, ಹೊಗೆಯ ವಾಸನೆ. ಅಂಚನ್ನು ಬೆರಳಿನಿಂದ ಸವರಿದಳು.

"ಇದು ನನ್ನ ಮಗನ ಹಲ್ಲಲ್ಲ," ಎಂದಳು. ಕೋಣೆಯಲ್ಲಿ ಅಳು ನಿಂತಿತು. "ಸುಗ್ಗೀಲಿ ಮನೇಲಿ ಇದ್ದೋಳು ನೀನೊಬ್ಳೇ, ಓಯ್ದಿನ್. ನನ್ನ ಮಗ ವಾಪಸ್ ಬರೋದನ್ನೇ ತಿಂದುಬಿಟ್ಟೆಯಲ್ಲೇ!"

"ನಾನು ಮುಟ್ಟಿಲ್ಲ ಅತ್ತೆ. ರೊಟ್ಟಿ ಮೇಲಾಣೆ, ಮುಟ್ಟಿಲ್ಲ," ಎಂದೆ ನೀನು. ಆಮೇಲೆ ನನ್ನ ಕಡೆ ತಿರುಗಿದೆ. "ಸನೋಬರ್, ನೀನಾದ್ರೂ ಹೇಳೇ."

ನನ್ನ ಕೈಯಲ್ಲಿ ಚಹಾದ ಕೆಟಲ್ ಇತ್ತು. ನಾನು ಪಕ್ಕದವಳ ಬಟ್ಟಲಿಗೆ ಚಹಾ ಸುರಿದೆ. ಅದು ಆಗಲೇ ತುಂಬಿತ್ತು. ಆ ಹೆಂಗಸಿನ ಮಡಿಲೆಲ್ಲ ಚಹಾ ಆಯಿತು, ಎಲ್ಲರೂ ಅವಳ ಕಡೆ ನೋಡಿದರು, ಮಾತು ಅಲ್ಲಿಗೆ ಮುಗಿಯಿತು. ನಲವತ್ತನೆಯ ದಿನ ಕಳೆದ ಮೇಲೆ ನಿನ್ನ ಅಣ್ಣಂದಿರು ಬಂದು ನಿನ್ನನ್ನು ಉಜ್ಗೆನ್‌ಗೆ ಕರೆದುಕೊಂಡು ಹೋದರು. ನಿನ್ನನ್ನು ಮೊದಲ ಸಲ ರಜೆಗೆಂದು ಈ ಮನೆಗೆ ಕರೆತಂದವಳು ನಾನು. ಕಳಿಸಿದವಳೂ ನಾನೇ. ಒಂದು ಕಚ್ಚಿನಿಂದ ಇಷ್ಟು ದೊಡ್ಡ ಕಚ್ಚಾಟ ಮಾಡಿದವರು ಈ ಕಣಿವೆಯಲ್ಲಿ ಬೇರೆ ಯಾರೂ ಇಲ್ಲ.

ರೊಟ್ಟಿ ತಿಂದರೆ ಮನುಷ್ಯ ಸಾಯುವುದಿಲ್ಲವೆಂದು ನಾನು ಇಂದಿಗೂ ನಂಬುತ್ತೇನೆ. ಆ ಮರಕ್ಕೆ ನಮ್ಮ ಉಗ್ರಾಣದ ಮೊಳೆಯ ವಿಳಾಸ ಗೊತ್ತಿರಲಿಲ್ಲ. ನನ್ನನ್ನು ತಿನ್ನುತ್ತಿರುವುದು ಅದಲ್ಲ, ಆ ತುಂಬಿದ ಬಟ್ಟಲು.

ಆರು ವರ್ಷದ ಹಿಂದೆ ಉಜ್ಗೆನ್ ಪೇಟೆಗೆ ಬಂದಿದ್ದೆ. ಕರಬೂಜದ ರಾಶಿಯ ಹಿಂದೆ ನಿಂತು ನಿನ್ನನ್ನು ನೋಡಿದೆ. ತಲೆಗೆ ಹಳದಿ ವಸ್ತ್ರ ಕಟ್ಟಿಕೊಂಡು ರೊಟ್ಟಿ ಮಾರುತ್ತಿದ್ದೆ, ನಿನ್ನ ಈಗಿನ ಗಂಡ ಗಾಡಿಯಿಂದ ಹಿಟ್ಟಿನ ಮೂಟೆ ಇಳಿಸುತ್ತಿದ್ದ, ನೀನು ಅವನಿಗೆ ಏನೋ ಹೇಳಿ ನಗಿಸಿದೆ. ಒಳ್ಳೆಯವನ ಹಾಗೆ ಕಂಡ. ನಾನು ಒಬ್ಬ ಮುದುಕಿಯ ಕೈಯಲ್ಲಿ ನಿನ್ನ ರೊಟ್ಟಿ ತರಿಸಿಕೊಂಡು ಬಸ್ಸಿನಲ್ಲಿ ತಿಂದೆ. ಅಂದರೆ ಎರಡು ಸಲ ಕದ್ದು ತಿಂದಂತಾಯಿತು. ಚೋರ್ಬುಲಾಕ್ ಎಂಬ ಊರಿನವಳಿಂದ ಇನ್ನೇನು ನಿರೀಕ್ಷಿಸುತ್ತೀ.

ಬುಗ್ಗೆಯ ಹತ್ತಿರ ನಿಂತವಳನ್ನು ಅಮ್ಮ ಕತ್ತೆಯ ಮೇಲಿನಿಂದಲೇ ನೋಡಿದಳು. "ನೀರು ಕುಡಿ, ನಡಿ. ಮೇಲೆ ಮಾತಾಡೋಣ," ಎಂದಳು. ಆ ದನಿಯಲ್ಲಿ ಏನೋ ಇತ್ತು. ಮೇಲೆ ಹೋಗಿ ನಾನೇ ಮೊದಲು ಹೇಳಿಬಿಡುತ್ತೇನೆಂದು ನಿರ್ಧರಿಸಿದೆ. ಆಮೇಲಿನ ಎರಡು ಗಂಟೆ ಒಂದೊಂದು ತಿರುವಿನಲ್ಲೂ ಒಂದೊಂದು ಪೀಠಿಕೆ ಜೋಡಿಸಿದೆ. ಎಲ್ಲವೂ 'ಅಮ್ಮಾ, ಒಂದು ತಮಾಷೆ ಗೊತ್ತಾ' ಎಂದೇ ಶುರುವಾಗುತ್ತಿದ್ದವು.

ತುದಿಯಲ್ಲಿ ಏನೂ ಬದಲಾಗಿಲ್ಲ. ಎಲ್ಲ ಬೆಟ್ಟಗಳೂ ತಲೆಯ ಹತ್ತಿರ ಬೋಳಾಗುತ್ತವೆ, ನಮ್ಮದಕ್ಕೆ ಮಾತ್ರ ನೆತ್ತಿಯವರೆಗೂ ಕೂದಲು. ಆರ್ಚಾ ಮರಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ, ಗಾಳಿಗೆ ಎಲ್ಲದರ ಸೊಂಟವೂ ಒಂದೇ ಕಡೆ ಬಾಗಿದೆ. ನಡುವೆ ಪೀರನ ಕಲ್ಲುಗುಡ್ಡೆ, ಅದರ ಪಕ್ಕ ಮುದಿ ಆರ್ಚಾ, ಅದರ ತುಂಬ ಹರಕೆ ಹೊತ್ತವರು ಕಟ್ಟಿದ ಬಟ್ಟೆಯ ಚೂರುಗಳು. ಸಂದಿಯಲ್ಲಿ ಕೆಳಗೆ ಇಡೀ ಕಣಿವೆ, ಅದರಾಚೆ ಹತ್ತಿಯ ಬಯಲು, ಬಿಸಿಲಿನ ಮಂಜು. ನೀನಿರುವ ದಿಕ್ಕು ಯಾವುದೆಂದು ಅಮ್ಮ ಕೇಳಿದಳು. ತೋರಿಸಿದೆ. ಆ ಕಡೆ ತಿರುಗಿ ಕೂತಳು. ಎರ್ಗಶ್ ಚಹಾಕ್ಕೆ ನೀರು ಕಾಯಿಸಲು ಕಟ್ಟಿಗೆ ಹುಡುಕುತ್ತ ಹೋದ. ಹಸಿ ಆರ್ಚಾ ಮುರಿಯಬಾರದಲ್ಲ, ಬಿದ್ದದ್ದನ್ನೇ ಆರಿಸಬೇಕು. ಅದಕ್ಕೆ ಸಮಯ ಹಿಡಿಯುತ್ತದೆ.

ಅಮ್ಮ ಮಡಿಲಿನಿಂದ ಒಂದು ಚೀಲ ತೆಗೆದಳು. ನನಗೆ ಗುರುತು ಹತ್ತಿತು. ಅದರೊಳಗಿನ ರೊಟ್ಟಿಯನ್ನು ಅಂದೇ ಹಕ್ಕಿಗಳಿಗೆ ಹಾಕಿದ್ದಾಳೆಂದು ನಾನು ತಿಳಿದಿದ್ದೆ. ಪೆಟ್ಟಿಗೆಯ ತಳದಲ್ಲಿ, ತನ್ನ ಹೆಣಕ್ಕೆ ಸುತ್ತಲೆಂದು ತೆಗೆದಿಟ್ಟ ಕಫನದ ಬಟ್ಟೆಯ ಕೆಳಗೆ ಇಟ್ಟಿದ್ದಳಂತೆ.

"ಅಮ್ಮಾ, ಒಂದು—" ಎಂದೆ.

"ಬಾಯಿ ಮುಚ್ಚು. ಅಲ್ಲ, ಬಾಯಿ ತೆಗಿ. ಹಲ್ಲು ತೋರ್ಸು."

ಐವತ್ತರ ಹೆಂಗಸು ನಾನು, ಮಗುವಿನ ಹಾಗೆ ಹಲ್ಲು ತೋರಿಸಿದೆ. ಅಮ್ಮ ರೊಟ್ಟಿಯ ಅಂಚನ್ನು ನನ್ನ ಮುಖದ ಹತ್ತಿರ ಹಿಡಿದಳು. ಕಚ್ಚಿದ ಜಾಗದ ನಟ್ಟನಡುವೆ ಸಣ್ಣ ಗೋಡೆಯೊಂದು ಎದ್ದು ನಿಂತಿತ್ತು.

"ಅವನದು ಬಲಗಡೆ ಇರ್ತಿತ್ತು. ಇದು ನಡುವೆ ಇದೆ. ಎರಡು ವರ್ಷ ಹಾಲು ಕೊಟ್ಟಿದೀನಿ ಕಣೇ ನಿಂಗೆ. ಈ ಸಂದಿಯ ಗುರುತು ನನ್ನ ಮೈ ಮೇಲೇ ಇದೆ. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಯಾವಾಗ ಗೊತ್ತಾಯಿತು ಎಂದು ಕೇಳಿದೆ.

"ಮೂರನೇ ದಿನ. ಅಷ್ಟು ಹೊತ್ತಿಗೆ ನಾಲಿಗೆ ಆಡಿಬಿಟ್ಟಿತ್ತು, ಊರೆಲ್ಲ ಕೇಳಿತ್ತು." ಅಮ್ಮ ರೊಟ್ಟಿಯ ಮೇಲಿನ ಅಚ್ಚನ್ನು ಸವರುತ್ತಿದ್ದಳು. "ಒಬ್ಬ ಹೋಗಿದ್ದ. ನಿನ್ನ ಹೆಸರು ಹೇಳಿದ್ರೆ ನೀನೂ ಹೋಗ್ತಿದ್ದೆ. ಅವಳಿಗೆ ಹೋಗೋಕೆ ಒಂದು ತವರಿತ್ತು, ನಿಂಗೆ ಇದೇ ತವರು. ಹಂಗೆ ಲೆಕ್ಕ ಹಾಕ್ದೆ. ತಾಯಿ ಲೆಕ್ಕ. ಅವಳೂ ಯಾರದೋ ಮಗಳು ಅನ್ನೋದನ್ನ ಬಿಟ್ಟು ಲೆಕ್ಕ ಹಾಕ್ದೆ."

ನೋಡಿದೆಯಾ, ಓಯ್ದಿನ್. ಹತ್ತೊಂಬತ್ತು ವರ್ಷ ಒಂದೇ ಒಲೆಯ ಮುಂದೆ ಕೂತು ನಾವಿಬ್ಬರೂ ಒಬ್ಬರಿಂದೊಬ್ಬರು ಒಂದೇ ಗುಟ್ಟನ್ನು ಮುಚ್ಚಿಟ್ಟಿದ್ದೆವು. ಹೊರಗೆ ಇದ್ದವಳು ನೀನೊಬ್ಬಳೇ.

ಬುಗ್ಗೆಯ ಹತ್ತಿರ ನಡೆದದ್ದನ್ನು ಎಲ್ಲ ಹೇಳಿದೆ. ಅಮ್ಮ ಕೇಳಿದಳು. ಆಮೇಲೆ, ಮುಖ ಬೇರೆ ಕಡೆ ತಿರುಗಿಸಿ, "ಅವನ ಚೀಲದ ಬಾಯಿಗೆ ನಾನೊಂದು ಕೆಂಪು ದಾರ ಕಟ್ಟಿದ್ದೆ, ಬೇರೆ ಚೀಲದ ಜೊತೆ ಅದಲುಬದಲಾಗ್ಬಾರ್ದು ಅಂತ. ನೀನು ತಗೊಂಡಾಗ ಇರ್ಲಿಲ್ವಾ?" ಎಂದಳು.

"ಇರ್ಲಿಲ್ಲಮ್ಮ. ಬಿದ್ದುಹೋಗಿತ್ತೇನೋ," ಎಂದೆ.

"ಹಂಗಾದ್ರೆ ಸರಿ. ಗೊತ್ತಿಲ್ದೆ ತಿಂದಿದೀಯ." ಅವಳ ಹೆಗಲು ಇಳಿದದ್ದು ಶಾಲಿನ ಮೇಲಿಂದಲೇ ಕಾಣಿಸಿತು. "ಹತ್ತೊಂಬತ್ತು ವರ್ಷ ಆ ದಾರಾನೇ ನನ್ನ ಕತ್ತಿಗೆ ಸುತ್ಕೊಂಡಿತ್ತು ಕಣೇ."

ಆಮೇಲೆ ರೊಟ್ಟಿಯನ್ನು ನನ್ನ ಕೈಗಿಟ್ಟಳು. "ಕಚ್ಚಿದೋರೇ ಬಂದು ತಿನ್ಬೇಕು. ಇವತ್ತು ವಾಪಸ್ ಬಂದಿದೀಯ. ತಿನ್ನು."

ಹತ್ತೊಂಬತ್ತು ವರ್ಷದ ರೊಟ್ಟಿ! ಅದನ್ನು ಕಲ್ಲಿಗೆ ಹೊಡೆದರೆ ಕಲ್ಲೇ ಕ್ಷಮೆ ಕೇಳುವ ಹಾಗಿತ್ತು. ಎರ್ಗಶ್ ಕಾಯಿಸಿದ ಚಹಾದಲ್ಲಿ ನೆನೆಸಿ ನೆನೆಸಿ ತಿಂದೆ. ದವಡೆಯ ಹಲ್ಲಿಗೆ ತುಂಬಿಸಿದ್ದ ಬೆಳ್ಳಿ ಉದುರಿತು. ಹೊಗೆಯ ವಾಸನೆ ಹಾಗೇ ಇತ್ತು. ಅಮ್ಮ ಒಂದೊಂದು ತುಣುಕು ಒಳಗೆ ಹೋಗುವುದನ್ನೂ ಕಾದು ಕೂತಿದ್ದಳು. ಚೀಲ ಕೊಡವಿದಾಗ ಬಿದ್ದ ಪುಡಿಯನ್ನು ಹಕ್ಕಿಗಳಿಗೆ ಹಾಕಿದಳು.

ಎರ್ಗಶ್ ನನ್ನ ಕಣ್ಣು ಮೂಗು ನೋಡಿ, "ಏನ್ ಟೀಚರ್, ಚಹಾ ಅಷ್ಟು ಕೆಟ್ಟದಾಗಿದ್ಯಾ?" ಎಂದ.

ಇಳಿಯುವಾಗ ಅವನಿಗೂ ಹೇಳಿದೆ. ಯಾಕೆ ಹೇಳಿದೆ ಎಂದರೆ, ಎರ್ಗಶ್‌ಗೆ ಹೇಳಿದರೆ ಊರಿನ ಗೋಡೆಗೆ ಅಂಟಿಸಿದ ಹಾಗೆ, ಮತ್ತೆ ನಾನು ಕಿತ್ತು ತರಲಾಗುವುದಿಲ್ಲ. ಅವನು ಬುಗ್ಗೆಯವರೆಗೂ ಪ್ರೊಫೆಸರ್‌ನ ಹಗ್ಗ ಹಿಡಿದು ಮುಂದೆ ಮುಂದೆ ನಡೆದ. ಡೋಲು ಹರಿಯುವಷ್ಟು ಗದ್ದಲದವನು! ಆಮೇಲೆ ಇಷ್ಟೇ ಹೇಳಿದ: "ನಾನೂ ಅವಳನ್ನ ರೊಟ್ಟಿ ತಿಂದೋಳು ಅಂತಾನೇ ಕರೀತಿದ್ದೆ ಕಣೇ. ಹಾಡು ಕಟ್ಟಿದ್ದೆ." ನಿನಗೆ ಅದೂ ಗೊತ್ತಿರಲಿ. ಅವನೂ ನಿನ್ನ ರಾಜಿ ಕೇಳುವ ಸಾಲಿನಲ್ಲಿ ನಿಂತಿದ್ದಾನೆ, ಕತ್ತೆಯ ಸಮೇತ. ನಿನ್ನೆ ಬೆಳಿಗ್ಗೆ ಸಾಮೂಹಿಕ ತಂದೂರಿನ ಹತ್ತಿರ ಹೆಂಗಸರೆಲ್ಲ ಇದ್ದಾಗ ನಾನೇ ನಿಂತು ಹೇಳಿದೆ. ಯಾರೂ ಬೈಯಲಿಲ್ಲ. ನನ್ನ ಹಿಟ್ಟಿನ ಬುಟ್ಟಿಯನ್ನು ಮಾತ್ರ ಯಾರೂ ಎತ್ತಿಕೊಡಲಿಲ್ಲ.

ಈಗ ಕೇಳುವುದನ್ನು ಕೇಳುತ್ತೇನೆ. ಬೆಟ್ಟದಿಂದ ಇಳಿದ ಮೇಲೆ ಅಮ್ಮ ಮಲಗಿದ್ದಾಳೆ. ಎದೆಯ ತಾಳ ತೀರ ಕೆಟ್ಟಿದೆ. ಎದ್ದ ದಿನ ಉಜ್ಗೆನ್‌ಗೆ ಹೊರಡುತ್ತೇನೆ ಎನ್ನುತ್ತಾಳೆ, ಏಳುತ್ತಾಳೋ ಇಲ್ಲವೋ ತಿಳಿಯದು. ನೀನೇ ಬಂದರೆ ಅವಳು ನಿನ್ನ ಬಾಯಿಂದ ಒಂದು ಮಾತು ಕೇಳಿ ಹೋಗುತ್ತಾಳೆ. ಬರಲಾಗದಿದ್ದರೆ, ಕೊಡಲಾಗದಿದ್ದರೆ, ಅದಕ್ಕೂ ನಿನಗೆ ಹಕ್ಕಿದೆ. ಆದರೆ ಅವಳು ನಿನ್ನ ಬಾಗಿಲಿಗೇ ಬಂದು ನಿಂತರೆ ಬೇಗ ಉತ್ತರ ಹೇಳಿಬಿಡು, ಹೆಚ್ಚು ಹೊತ್ತು ನಿಲ್ಲಿಸಬೇಡ. ಅವಳ ಮೊಣಕಾಲು ನೋವು ನನ್ನದರಂತಲ್ಲ, ನಿಜವಾದದ್ದು.

ನನಗಾಗಿ ಏನೂ ಕೇಳುತ್ತಿಲ್ಲ. ಕೇಳುವ ಧೈರ್ಯ ಬಂದ ದಿನ ಪತ್ರದಲ್ಲಿ ಕೇಳುವುದಿಲ್ಲ, ಆ ಕರಬೂಜದ ರಾಶಿಯ ಈಚೆ, ನಿನ್ನೆದುರಿಗೆ ಬಂದು ನಿಂತು ಕೇಳುತ್ತೇನೆ.

ತುಂಬಿದ ಬಟ್ಟಲಿಗೆ ಚಹಾ ಸುರಿದವಳು,
ಸನೋಬರ್

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ದಾರ ಇತ್ತು, ಓಯ್ದಿನ್. ನಾನೇ ಬಿಚ್ಚಿದೆ. ಇನ್ನೊಂದು ಚೀಲದಲ್ಲಿ ಮೆತ್ತನೆಯ ರೊಟ್ಟಿಯೂ ಇತ್ತು, ಹಸಿವಿಗೆ ಅದು ಸಾಕಾಗಿತ್ತು. ಅಂದು ಬೆಳಿಗ್ಗೆ ನೀನು ಅಣ್ಣನ ಅಂಗಿಯನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದೆ. ತಾಯಿತ ಕಂಡರೆ ನನ್ನ ಜೊತೆ ನಗುತ್ತಿದ್ದವಳು, ಆ ಚೀಲ ನೋಡಿ ನೋಡಿ ದಿನ ಎಣಿಸುತ್ತಿದ್ದೆ. ನನ್ನ ಜೊತೆ ಮಾತೇ ಇರಲಿಲ್ಲ. ಇದು ಬರೀ ರೊಟ್ಟಿ ಎಂದು ನಿನಗೆ ತೋರಿಸಬೇಕೆಂದಿದ್ದೆ. ತಿಂದುಬಿಡುತ್ತೇನೆ, ಅವನು ಬರುತ್ತಾನೆ, ಆಗ ಹೇಳಿದರೆ ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಗುತ್ತೇವೆ ಎಂದುಕೊಂಡಿದ್ದೆ. ಕೊನೆಯ ತುಣುಕಿನ ಹೊತ್ತಿಗೆ ಹೆದರಿಕೆ ಬಂತು. ದಾರ ಕೋಟಿನ ಜೇಬಿನಲ್ಲಿ ಉಳಿದುಹೋಯಿತು. ಅದನ್ನು ಈ ಲಕೋಟೆಯ ಮೂಲೆಯಲ್ಲಿ ಇಟ್ಟಿದ್ದೇನೆ, ಬೀಳಿಸಿಕೊಳ್ಳಬೇಡ. ಬಂದಾಗ ಅದನ್ನು ಅಮ್ಮನ ಮುಂದೆ ಇಡುವೆಯೋ, ನಿನ್ನ ತಂದೂರಿಗೆ ಹಾಕಿ ಬರುವೆಯೋ, ನೀನೇ ನೋಡು. ನನ್ನನ್ನು ಮಾತ್ರ ಕೇಳಬೇಡ.